ತಟಸ್ಥ ಅಂತರ್ಜಾಲ ಮತ್ತು ಗಡಿಸೀಮೆಯ ತಾಂಡಾಗಳು

ಜಾಲಸೇವೆ ಒದಗಿಸುವ ಕಂಪನಿಯು ತನ್ನ ಮೂಲಕ ಹಾದುಹೋಗುವ ಮಾಹಿತಿ ಯಾರದು, ಯಾವ ಬಗೆಯದು ಎಂದು ನೋಡಿ ಅದನ್ನು ತಡೆಯಬಾರದು, ನಿಧಾನಗೊಳಿಸಬಾರದು, ಅದಕ್ಕೆ ಬೇರೆ ದರ ವಿಧಿಸಬಾರದು ಎಂಬ ತತ್ತ್ವಕ್ಕೆ ಅಂತರ್ಜಾಲ ತಟಸ್ಥತೆ ಎಂದು ಹೆಸರು. ಭಾರತದಲ್ಲಿ 2015ರಲ್ಲಿ ಈ ಚರ್ಚೆ ಕಾವೇರಿದಾಗ ಹೆಚ್ಚಾಗಿ ಕೇಳಿಬಂದದ್ದು ಮಹಾನಗರಗಳ ತಂತ್ರಜ್ಞರ ಮತ್ತು ನವೋದ್ಯಮಿಗಳ ದನಿಯಾದರೂ, ಆ ತತ್ತ್ವದ ಕಠಿಣ ಪರೀಕ್ಷೆ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ, ಮನ್ನಾಏಖೇಳ್ಳಿ ಸೀಮೆಯ ಲಂಬಾಣಿ ತಾಂಡಾಗಳಂಥ ಕಡೆಯೇ ನಡೆಯುತ್ತದೆ.

ಸೋಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗುವ ಈ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಂದರೊಳಗೊಂದು ಬೆರೆತಿವೆ. ಇಲ್ಲಿನ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆಯ ತೆಲಂಗಾಣದಲ್ಲಿ ಅದೇ ಸಮುದಾಯ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅವರ ನುಡಿಗೆ ಎಲ್ಲೆಡೆ ಸಲ್ಲುವ ಸ್ವಂತ ಲಿಪಿಯಿಲ್ಲದ ಕಾರಣ, ಬರೆಯುವವರು ಇಲ್ಲಿ ಕನ್ನಡವನ್ನೂ ಅಲ್ಲಿ ದೇವನಾಗರಿ ಅಥವಾ ತೆಲುಗು ಲಿಪಿಯನ್ನೂ ಆಶ್ರಯಿಸಬೇಕಾಗುತ್ತದೆ. ಬರಹ ಬೇರ್ಪಡಿಸುವ ಈ ಜನರನ್ನು ದನಿ ಕೂಡಿಸುತ್ತದೆ: ಹಾಡು, ಸಮುದಾಯದ ಸಂತ ಸೇವಾಲಾಲರ ಕಥನ, ಭಾಷಣ, ಕುಣಿತ ಇವೆಲ್ಲ ಮೂರೂ ರಾಜ್ಯಗಳಲ್ಲಿ ಅರ್ಥವಾಗುವುದು ಧ್ವನಿ ಮತ್ತು ವಿಡಿಯೊ ರೂಪದಲ್ಲಿಯೇ.

ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಮೂಲಕ 2015ರ ಫೆಬ್ರುವರಿಯಲ್ಲಿ ಭಾರತಕ್ಕೆ ತಂದ, ಮುಂದೆ ‘ಫ್ರೀ ಬೇಸಿಕ್ಸ್’ ಎಂಬ ಹೆಸರು ಪಡೆದ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಆಯ್ದ ಕೆಲವು ತಾಣಗಳನ್ನು ಡೇಟಾ ಶುಲ್ಕವಿಲ್ಲದೆ ನೋಡಲು ಬಿಡುವ ಆ ಯೋಜನೆಯೊಳಗೆ ಸೇರಬಯಸುವ ತಾಣಗಳು ವಿಡಿಯೊ, ಜಾಲದ ಮೂಲಕ ಧ್ವನಿಕರೆ ಮುಂತಾದ ಹೆಚ್ಚು ಡೇಟಾ ಬೇಡುವ ಸೌಲಭ್ಯಗಳನ್ನು ಬಿಡಬೇಕೆಂಬ ಷರತ್ತಿತ್ತು. ತಾಂತ್ರಿಕವಾಗಿ ಇದು ಸಹಜವೆನಿಸಬಹುದು. ಆದರೆ ಓದುಬರಹದ ನುಡಿಗಳಿಗೆ ಉಚಿತ ದಾರಿಯನ್ನೂ ಮೌಖಿಕ ನುಡಿಗಳಿಗೆ ಹಣದ ದಾರಿಯನ್ನೂ ತೋರಿಸುವ ಈ ಏರ್ಪಾಟು ಬಡವರ ಹೆಸರಿನಲ್ಲಿ ಬಂದದ್ದು ವಿಪರ್ಯಾಸವೇ ಸರಿ.

ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಇರಲಿ ಎಂಬ ಸಮರ್ಥನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ದಿನಗೂಲಿಯವರಿಗೆ ರೀಚಾರ್ಜ್ ಎಂಬುದು ಲೆಕ್ಕ ಹಾಕಿ ಮಾಡುವ ಖರ್ಚು. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರುವರಿ 8ರಂದು ಹೊರಡಿಸಿದ, ಇಂಥ ಯೋಜನೆಗಳಿಗೆ ತಡೆಯೊಡ್ಡಿದ ನಿಯಮ ನಿಷೇಧಿಸಿದ್ದು ಮಾಹಿತಿಯ ವಸ್ತುವನ್ನು ಆಧರಿಸಿದ ದರಭೇದವನ್ನೇ ಹೊರತು ಉಚಿತ ಡೇಟಾವನ್ನಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಧಿಕಾರವೇ ಗ್ರಾಮೀಣ ಬಳಕೆದಾರರಿಗೆ ತಿಂಗಳಿಗೆ 100 ಎಂಬಿ ಡೇಟಾವನ್ನು ಉಚಿತವಾಗಿ ಕೊಡಬಹುದೆಂದು ಶಿಫಾರಸು ಮಾಡಿತು. ಆ ಡೇಟಾದಲ್ಲಿ ಏನನ್ನು ನೋಡಬೇಕು, ಕೇಳಬೇಕು ಎಂಬ ಆಯ್ಕೆ ಬಳಸುವವರದೇ. ಎರಡು ಬಗೆಯ ಉಚಿತಗಳ ನಡುವಿನ ಅಂತರ ಇರುವುದು ಇಲ್ಲಿ.

ಸಾಗಿಸುವವನೇ ಆಯ್ಕೆ ಮಾಡತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಮುದ್ರಣದ ಇತಿಹಾಸದಲ್ಲಿಯೂ ಸಾಕ್ಷ್ಯವಿದೆ. ಡಾ. ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆಯನ್ನು ಆರಂಭಿಸಿದಾಗ, ಹಣ ಕೊಟ್ಟರೂ ಅದರ ಜಾಹೀರಾತನ್ನು ಮರಾಠಿ ಪತ್ರಿಕೆ ‘ಕೇಸರಿ’ ಪ್ರಕಟಿಸಲಿಲ್ಲ. ಪತ್ರಿಕೆಗೆ ತನ್ನ ಪುಟದ ಮೇಲೆ ಅಂಥ ಹಕ್ಕಿದ್ದೀತು. ಆದರೆ ಸಾರ್ವಜನಿಕ ತರಂಗಾಂತರವನ್ನು ಪರವಾನಗಿಯ ಮೇಲೆ ಬಳಸುವ ಕಂಪನಿಗೆ ಆ ಹಕ್ಕನ್ನು ಒಪ್ಪಿಸಲಾಗದು.

2018ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ತಟಸ್ಥತೆಯ ತತ್ತ್ವಗಳನ್ನು ಒಪ್ಪಿ, ಬಳಿಕ ಅವನ್ನು ಪರವಾನಗಿಯ ಷರತ್ತುಗಳಲ್ಲಿ ಸೇರಿಸಿತು. ಆ ಷರತ್ತುಗಳು ಕಟ್ಟಿಹಾಕುವುದು ಜಾಲಸೇವಾ ಕಂಪನಿಗಳನ್ನು ಮಾತ್ರ. ತಾಂಡಾದ ಹಾಡೊಂದು ದಾರಿಯುದ್ದಕ್ಕೂ ಸಮಾನವಾಗಿ ಸಾಗಿಬಂದ ಮೇಲೆ ಅದನ್ನು ಯಾರ ಪರದೆಯ ಮೇಲೆ ಎಷ್ಟು ಮುಂದೆ ತೋರಿಸಬೇಕೆಂದು ನಿರ್ಧರಿಸುವ ವಿಡಿಯೊ ತಾಣಗಳು ಆ ಷರತ್ತುಗಳ ಹೊರಗೇ ಉಳಿದಿವೆ.