ಎದುರು ಪಕ್ಷದ ಮಾತು

ನಾನು ಓದಿದ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ವಿಚಿತ್ರವಾದ ನಿಯಮವಿತ್ತು. ಚರ್ಚೆಯ ವಿಷಯವನ್ನು ವಾರಕ್ಕೆ ಮೊದಲೇ ಹಲಗೆಯ ಮೇಲೆ ಬರೆಯುತ್ತಿದ್ದರು. ಆದರೆ ಯಾರು ಯಾವ ಪಕ್ಷವನ್ನು ವಹಿಸಬೇಕೆಂಬುದು ವೇದಿಕೆ ಹತ್ತುವುದಕ್ಕೆ ಹತ್ತು ನಿಮಿಷ ಮುಂಚೆ ಚೀಟಿ ಎತ್ತಿದ ಮೇಲೆಯೇ ತಿಳಿಯುತ್ತಿತ್ತು. ಒಮ್ಮೆ ನನಗೆ ಒಗ್ಗದ ಪಕ್ಷ ಬಂತು. ಮನಸ್ಸಿನಲ್ಲಿಲ್ಲದ್ದನ್ನು ನಾಲಗೆಯಿಂದ ಆಡಲಾರೆನೆಂದು ಹೇಳಿ, ಚೀಟಿಯನ್ನು ಮೇಜಿನ ಮೇಲೆ ಬಿಟ್ಟು ನೆಟ್ಟಗೆ ಮನೆಗೆ ನಡೆದೆ. ಅದನ್ನು ಬಹಳ ದಿನ ನನ್ನ ದೊಡ್ಡ ಶೌರ್ಯವೆಂದೇ ತಿಳಿದಿದ್ದೆ. ಆ ಶೌರ್ಯದ ಬೆಲೆ ಎಷ್ಟೆಂಬುದು ಮನವರಿಕೆಯಾದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಹಳೆಯ ಗ್ರೀಕ್ ನಾಟಕವನ್ನು ಓದುವಾಗ.

ಆ ನಾಟಕ ಸಾಫೊಕ್ಲೀಸನ ‘ಏಜಾಕ್ಸ್’. ಅವನ ನಾಟಕಗಳಲ್ಲಿ ನಮಗೆ ಪೂರ್ತಿಯಾಗಿ ಉಳಿದಿರುವ ಏಳರಲ್ಲಿ ಇದು ಮೊದಮೊದಲಿನದೆಂದು ವಿದ್ವಾಂಸರು ಎಣಿಸುತ್ತಾರೆ; ಎಂದರೆ 2,400 ವರ್ಷಗಳಿಗೂ ಹಿಂದಿನದು. ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ಬಿ. ಎಂ. ಶ್ರೀಕಂಠಯ್ಯನವರು ಇದನ್ನೇ ಆಧಾರವಾಗಿಟ್ಟುಕೊಂಡು, ಮಹಾಭಾರತದ ಉಡುಪು ತೊಡಿಸಿ, 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಕೊಟ್ಟರು.

ಮಾತಿಗೆ ಎದುರುಮಾತು, ಬೆಳಕಿಗೆ ಕತ್ತಲೆ, ಸ್ನೇಹಕ್ಕೆ ಹಗೆ, ಹೀಗೆ ವಿರುದ್ಧ ಪದಗಳನ್ನು ಜೋಡಿಸಿ ನಿಲ್ಲಿಸುವುದನ್ನು ಪಠ್ಯಪುಸ್ತಕಗಳು ಒಂದು ಅಲಂಕಾರವೆಂದು ಕಲಿಸುತ್ತವೆ. ಅಥೆನ್ಸಿನವರಿಗೆ ಅದು ಬರಿಯ ಅಲಂಕಾರವಾಗಿರಲಿಲ್ಲ; ಬದುಕುವ ಒಂದು ರೀತಿಯೇ ಆಗಿತ್ತು. ಅವರ ಭಾಷೆಯಲ್ಲಿ ‘ಮೆನ್’ ಮತ್ತು ‘ದೆ’ ಎಂಬ ಎರಡು ಪುಟ್ಟ ಅವ್ಯಯಗಳಿವೆ. ಮೊದಲನೆಯದು ಕಿವಿಗೆ ಬಿದ್ದೊಡನೆ, ಈ ಮಾತಿಗೆ ಎದುರಾದ ಇನ್ನೊಂದು ಹಿಂದೆಯೇ ಬರುತ್ತಿದೆ ಎಂದು ಕೇಳುವವನು ಕಾಯುತ್ತಾನೆ. ಅವರ ನ್ಯಾಯಸ್ಥಾನದಲ್ಲಿ ವಕೀಲರಿರಲಿಲ್ಲ. ವಾದಿಯೂ ಪ್ರತಿವಾದಿಯೂ ತಾವೇ ನಿಂತು ಮಾತಾಡಬೇಕು. ತೂತಿರುವ ಮಡಕೆಯೊಂದರಿಂದ ನೀರು ಸುರಿಯುತ್ತಿತ್ತು; ಇಬ್ಬರಿಗೂ ಸಮನಾದ ನೀರು, ಸಮನಾದ ಹೊತ್ತು. ಚೀಟಿಯಲ್ಲಿ ಆಯ್ಕೆಯಾದ ನೂರಾರು ಮಂದಿ ಸಾಮಾನ್ಯ ನಾಗರಿಕರು ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಡುತ್ತಿದ್ದರು.

ಇದೇ ಜನ ವಸಂತದಲ್ಲಿ ಡಯೊನೈಸಸ್ ದೇವತೆಯ ಉತ್ಸವ ಬಂದಾಗ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ನಾಟಕ ನೋಡಲು ಕುಳಿತರು. ನ್ಯಾಯಸ್ಥಾನದ ಕಿವಿ ಅಲ್ಲಿಗೂ ಬಂತು. ರಂಗದ ಮೇಲೆ ಇಬ್ಬರು ಎದುರುಬದುರಾಗಿ ನಿಂತು ಹೆಚ್ಚುಕಡಮೆ ಒಂದೇ ಉದ್ದದ ಎರಡು ಭಾಷಣಗಳನ್ನು ಮಾಡುತ್ತಾರೆ. ಆಮೇಲೆ ಒಬ್ಬನದು ಒಂದು ಸಾಲು, ಇನ್ನೊಬ್ಬನದು ಒಂದು ಸಾಲು, ಕತ್ತಿಗೆ ಕತ್ತಿ ತಗುಲಿದಂತೆ. ಮೇಳದವರ ಹಾಡು ಕೂಡ ಹಾಗೆಯೇ: ಒಂದು ಪದ್ಯ, ಅದೇ ಛಂದಸ್ಸಿನಲ್ಲಿ ಅದಕ್ಕೆ ಎದುರು ಪದ್ಯ. ಕ್ರಿ. ಪೂ. 427ರಲ್ಲಿ ಸಿಸಿಲಿಯಿಂದ ರಾಯಭಾರಿಯಾಗಿ ಬಂದ ಗಾರ್ಗಿಯಸನು ತೂಕವೊಪ್ಪಿದ ವಿರುದ್ಧೋಕ್ತಿಗಳಿಂದ ಅಥೆನ್ಸನ್ನು ಬೆರಗುಗೊಳಿಸಿದನೆಂದು ಚರಿತ್ರೆ ಹೇಳುತ್ತದೆ. ಆದರೆ ಅವನು ತಂದದ್ದು ಮಾತಿನ ಹೊಸ ಹೊಳಪು ಮಾತ್ರ. ಗದ್ದೆಯನ್ನು ನಾಟಕಕಾರರು ಮೊದಲೇ ಹದ ಮಾಡಿದ್ದರು.

ಇದರಲ್ಲಿ ಅಪಾಯವಿಲ್ಲವೆ? ಕಾಲೇಜಿನಲ್ಲಿ ನನಗೆ ತೋರಿದ ಆಕ್ಷೇಪವನ್ನು ಅರಿಸ್ಟೊಫನೀಸನು ಆಗಲೇ ಎತ್ತಿದ್ದ. ಕ್ರಿ. ಪೂ. 423ರಲ್ಲಿ ಮೊದಲು ಆಡಿ, ಮುಂದೆ ಅವನೇ ತಿದ್ದಿದ ರೂಪದಲ್ಲಿ ನಮಗೆ ಉಳಿದಿರುವ ‘ಮೇಘಗಳು’ ಎಂಬ ಪ್ರಹಸನದಲ್ಲಿ ನ್ಯಾಯದ ವಾದ, ಅನ್ಯಾಯದ ವಾದ ಎರಡೂ ಪಾತ್ರಗಳಾಗಿ ರಂಗಕ್ಕೆ ಬಂದು ಜಗಳವಾಡುತ್ತವೆ. ಅನ್ಯಾಯದ ವಾದವೇ ಗೆಲ್ಲುತ್ತದೆ. ಸಾಲಗಾರರನ್ನು ವಂಚಿಸುವ ಆಸೆಯಿಂದ ಆ ವಿದ್ಯೆಗೆ ಮಗನನ್ನು ಸೇರಿಸಿದ ತಂದೆ ಕಡೆಗೆ ಮಗನ ಕೈಯಲ್ಲೇ ಏಟು ತಿನ್ನುತ್ತಾನೆ. ತಂದೆಯನ್ನು ಹೊಡೆಯುವುದು ಧರ್ಮವೇ ಎಂದು ಮಗ ಬಾಯಿ ತುಂಬ ಸಮರ್ಥಿಸಿಕೊಳ್ಳುತ್ತಾನೆ! ಎರಡು ಪಕ್ಷಗಳನ್ನೂ ಮಾತಾಡಬಲ್ಲ ನಾಲಗೆ ಯಾವ ಪಕ್ಷಕ್ಕೂ ನಿಷ್ಠವಾಗಿರಬೇಕಾಗಿಲ್ಲವೆಂಬುದು ನಿಜ.

ಈ ಆಕ್ಷೇಪಕ್ಕೆ ಉತ್ತರ ನನಗೆ ದೊರೆತದ್ದು ‘ಏಜಾಕ್ಸ್’ನಲ್ಲಿ. ಕಥೆ ಸರಳವಾದದ್ದು. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ಏಜಾಕ್ಸನಿಗೆ ಸಲ್ಲದೆ ಒಡಿಸ್ಸಿಯಸನ ಪಾಲಾದುವು. ಅವಮಾನದಿಂದ ಕುದಿದ ಏಜಾಕ್ಸ್ ರಾತ್ರಿ ಹೊತ್ತು ಕತ್ತಿ ಹಿಡಿದು ಸ್ವಪಕ್ಷದ ನಾಯಕರನ್ನೇ ಕೊಲ್ಲಲು ಹೊರಟ. ಅಥೀನಾ ದೇವಿ ಅವನಿಗೆ ಭ್ರಮೆ ಕವಿಸಿದಳು. ಅವನು ಕಡಿದದ್ದು ದನಕುರಿಗಳನ್ನು. ನಾಟಕದ ಆರಂಭದಲ್ಲಿ ದೇವಿ ಆ ಹುಚ್ಚನನ್ನು ಒಡಿಸ್ಸಿಯಸನಿಗೆ ತೋರಿಸಿ, ವೈರಿಯನ್ನು ಕಂಡು ನಗುವುದಕ್ಕಿಂತ ಸುಖವುಂಟೇ ಎಂಬರ್ಥದ ಮಾತಾಡುತ್ತಾಳೆ. ಮಿತ್ರನಿಗೆ ಉಪಕಾರ, ಶತ್ರುವಿಗೆ ಅಪಕಾರ ಎಂಬುದೇ ಆಗಿನ ಗ್ರೀಕರ ನೀತಿಯಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಡಿಸ್ಸಿಯಸ್ ನಗುವುದಿಲ್ಲ. ಅವನ ಸ್ಥಿತಿಯಲ್ಲಿ ತನ್ನ ಸ್ಥಿತಿಯೇ ಕಾಣುತ್ತದೆಂದು ಮರುಗುತ್ತಾನೆ.

ಬುದ್ಧಿ ತಿಳಿದ ಏಜಾಕ್ಸ್ ಸಾಯಲು ನಿಶ್ಚಯಿಸುತ್ತಾನೆ. ಸಾವಿಗೆ ಮೊದಲು ಅವನಾಡುವ ಮಾತು ಗ್ರೀಕ್ ರಂಗಭೂಮಿಯಲ್ಲೇ ಅತ್ಯಂತ ಬೆರಗಿನ ಮಾತುಗಳಲ್ಲೊಂದು. ಕಾಲ ಬಚ್ಚಿಟ್ಟದ್ದನ್ನು ಬಯಲು ಮಾಡುತ್ತದೆ, ಬಯಲಾದದ್ದನ್ನು ಬಚ್ಚಿಡುತ್ತದೆ. ಹಿಮದ ಚಳಿಗಾಲ ಫಲದ ಬೇಸಗೆಗೆ ದಾರಿ ಬಿಡುತ್ತದೆ, ಇರುಳು ಹಗಲಿಗೆ ಜಾಗ ಕೊಡುತ್ತದೆ. ಹಾಗಿರುವಾಗ ತಾನೇಕೆ ಬಾಗಬಾರದು? ಇಂದಿನ ಶತ್ರು ನಾಳೆ ಮಿತ್ರನಾದಾನು, ಇಂದಿನ ಮಿತ್ರ ನಾಳೆಗೂ ಹಾಗೆಯೇ ಉಳಿಯಲಾರ ಎಂಬ ವಿವೇಕದಿಂದ ಹಗೆಯನ್ನೂ ಸ್ನೇಹವನ್ನೂ ಅಳತೆಯಲ್ಲಿಡಬೇಕು, ಎಂಬುದು ಅದರ ಸಾರ. ಮೇಳದವರು ಬದುಕಿದೆವೆಂದು ಕುಣಿದಾಡುತ್ತಾರೆ. ಆದರೆ ಅವನು ನೇರವಾಗಿ ಕಡಲ ದಂಡೆಗೆ ಹೋಗಿ, ಕತ್ತಿಯನ್ನು ನೆಲದಲ್ಲಿ ನೆಟ್ಟು, ಅದರ ಮೇಲೆ ಬೀಳುತ್ತಾನೆ. ಆ ಕತ್ತಿ ಟ್ರಾಯ್ ವೀರ ಹೆಕ್ಟರನು ಹಿಂದೆ ದ್ವಂದ್ವಯುದ್ಧದ ಕೊನೆಗೆ ಗೌರವದಿಂದ ಕೊಟ್ಟ ಉಡುಗೊರೆ. ಹಗೆಯವನ ಕಾಣಿಕೆ ಹಗೆಯಾಗಿಯೇ ಉಳಿಯಿತು.

ನಾಯಕ ಸತ್ತಾಗ ನಾಟಕ ಇನ್ನೂ ಮುಗಿದಿಲ್ಲ. 1,420 ಸಾಲುಗಳ ಕೃತಿಯಲ್ಲಿ ಅವನ ಕೊನೆಯ ಮಾತು 865ನೆಯ ಸಾಲಿಗೆ ನಿಲ್ಲುತ್ತದೆ. ಉಳಿದದ್ದೆಲ್ಲ ಹೆಣದ ಸುತ್ತ ನಡೆಯುವ ಜಗಳ. ದ್ರೋಹಿಯನ್ನು ಹೂಳಕೂಡದೆಂದು ಮೆನೆಲಾಸ್, ಅವನಾದ ಮೇಲೆ ಅಗಮೆಮ್ನನ್. ಹೂಳಿಯೇ ತೀರುತ್ತೇನೆಂದು ತಮ್ಮನಾದ ಟ್ಯೂಸರ್. ಹುಟ್ಟನ್ನು ಎತ್ತಿ ಆಡುವ ಹೀನ ಮಾತಿಗೂ ಇಳಿಯುತ್ತಾರೆ. ಉತ್ತರಾರ್ಧ ಸಪ್ಪೆಯೆಂದು ದೂರಿದ ವಿಮರ್ಶಕರು ಉಂಟು. ಸಾಫೊಕ್ಲೀಸ್ ಬೇಕೆಂದೇ ಈ ಕೂಗಾಟವನ್ನು ಬೆಳೆಸಿದನೆಂದು ನನ್ನ ನಂಬಿಕೆ. ಎರಡು ಪಕ್ಷಗಳೂ ತಮ್ಮ ಮಾತನ್ನು ಹೇಳಿ ಮುಗಿಸಿದ ಮೇಲೆ, ಇನ್ನು ದಾರಿಯಿಲ್ಲವೆನ್ನುವಾಗ, ಒಡಿಸ್ಸಿಯಸ್ ಬರುತ್ತಾನೆ. ತನಗೆ ಏಜಾಕ್ಸನಿಗಿಂತ ದೊಡ್ಡ ವೈರಿ ಸೇನೆಯಲ್ಲಿರಲಿಲ್ಲವೆಂದು ಒಪ್ಪಿಕೊಂಡೇ, ಅಕಿಲೀಸನನ್ನು ಬಿಟ್ಟರೆ ಅವನಂಥ ವೀರನೂ ಇರಲಿಲ್ಲವೆನ್ನುತ್ತಾನೆ. ಹೂಳಿಸಿಕೊಳ್ಳುವ ಗತಿ ತನಗೂ ಬರುವುದೆಂದು ನೆನಪಿಸುತ್ತಾನೆ. ಅಗಮೆಮ್ನನ್ ಗೊಣಗುತ್ತಲೇ ಬಿಟ್ಟುಕೊಡುತ್ತಾನೆ.

ನನಗೆ ಇಲ್ಲಿ ಕಂಡದ್ದಿಷ್ಟು. ಇರುಳು ಹಗಲಾಗುವ ಸತ್ಯವನ್ನು ಬಾಯಲ್ಲಿ ಆಡಿದವನು ಏಜಾಕ್ಸ್; ಅವನಿಗೆ ಅದರಂತೆ ಬದುಕಲಾಗಲಿಲ್ಲ. ಆ ಮಾತು ಕಿವಿಗೆ ಬೀಳದಿದ್ದ ಒಡಿಸ್ಸಿಯಸ್ ಅದನ್ನು ನಡೆದು ತೋರಿಸಿದ. ‘ಆಂಟಿಗೊನೆ’ಯಲ್ಲೂ ಹೂಳದ ಹೆಣವೊಂದಿದೆ. ಅಲ್ಲಿ ತಂಗಿ ಒಂದು ದಡ, ಅರಸ ಇನ್ನೊಂದು ದಡ. ಅರಸನು ಸೇತುವೆ ಹುಡುಕುವ ಹೊತ್ತಿಗೆ ಮೂರು ಸಾವುಗಳಾಗಿರುತ್ತವೆ. ಇಲ್ಲಿ ಒಬ್ಬ ಹೊತ್ತಿಗೆ ಸರಿಯಾಗಿ ಆಚೆ ದಡಕ್ಕೆ ಹೋದ.

ಇನ್ನೊಂದು ಸಂಗತಿ. ಆ ರಂಗಭೂಮಿಯಲ್ಲಿ ಮಾತಾಡುವ ನಟರು ಮೂವರೇ. ಎಲ್ಲ ಪಾತ್ರಗಳನ್ನೂ ಮುಖವಾಡ ಬದಲಿಸಿ ಅವರೇ ವಹಿಸಬೇಕು. ಕೊನೆಯ ದೃಶ್ಯದಲ್ಲಿ ಟ್ಯೂಸರ್, ಅಗಮೆಮ್ನನ್, ಒಡಿಸ್ಸಿಯಸ್ ಮೂವರೂ ಮಾತಾಡುತ್ತಾರೆ. ಹಾಗಾದರೆ ಏಜಾಕ್ಸನಾಗಿ ಸತ್ತ ನಟನೂ ಅವರಲ್ಲೊಬ್ಬನಾಗಿ ಮರಳಿ ಬಂದಿರಲೇಬೇಕು. ತನ್ನದೇ ಹೆಣದೆದುರು ನಿಂತು, ತನ್ನ ಪರವಾಗಿಯೋ ವಿರುದ್ಧವಾಗಿಯೋ ವಾದಿಸಿರಬೇಕು. ಚೀಟಿ ಎತ್ತಿ ಪಕ್ಷ ವಹಿಸುವ ಆಟವನ್ನು ನಾನು ಅಪ್ರಾಮಾಣಿಕತೆಯೆಂದಿದ್ದೆ. ಅದೇ ಆಟದಿಂದ ಅನ್ಯಾಯದ ವಾದವೂ ಹುಟ್ಟುತ್ತದೆ, ಒಡಿಸ್ಸಿಯಸನೂ ಹುಟ್ಟುತ್ತಾನೆ.

ಸಾಫೊಕ್ಲೀಸ್ ಸುಲಭದ ರಾಜಿಯನ್ನು ಮಾಡಿಸುವುದಿಲ್ಲ. ಹೆಣ ಎತ್ತಲು ತಾನೂ ಕೈ ಕೊಡುತ್ತೇನೆಂದು ಒಡಿಸ್ಸಿಯಸ್ ಕೇಳಿದಾಗ ಟ್ಯೂಸರ್ ಕೃತಜ್ಞತೆಯಿಂದಲೇ ಬೇಡವೆನ್ನುತ್ತಾನೆ: ಸತ್ತವನಿಗೆ ಅದು ಸೇರದೇನೋ. ಒಡಿಸ್ಸಿಯಸ್ ಬೇಸರಪಡದೆ ಹೊರಟುಹೋಗುತ್ತಾನೆ.

ಆ ದಿನ ನಾನು ಬಿಟ್ಟುಬಂದ ಚೀಟಿಯನ್ನು ಇನ್ನೊಬ್ಬ ಹುಡುಗ ಎತ್ತಿಕೊಂಡು ಮಾತಾಡಿದನಂತೆ. ಏನು ಹೇಳಿದೆಯೆಂದು ನಾನು ಅವನನ್ನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳಬೇಕೆನ್ನಿಸುತ್ತದೆ.