ಹಳೇ ಪಿಲ್ಲರ್ ಡ್ರಿಲ್: ವೇಗ ಇಳಿಸಿದವರ ಚರಿತ್ರೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಸೀಮೆಯಲ್ಲಿ ಭತ್ತದ ಜೊತೆಗೆ ಕಬ್ಬಿಣದ ಕೆಲಸವೂ ಬೆಳೆಯಿತು. ಟ್ರ್ಯಾಕ್ಟರ್, ಕಲ್ಟಿವೇಟರ್, ಕೆಸರುಗದ್ದೆಯ ಕೇಜ್ ವೀಲ್, ಹಾರ್ವೆಸ್ಟರ್ ಎಲ್ಲವೂ ನಟ್ಟು ಬೋಲ್ಟುಗಳ ಮೇಲೆ ನಿಂತವು. ಹಂಗಾಮಿನ ನಡುವೆ ಒಂದು ಪಟ್ಟಿ ಮುರಿದರೆ ಹಿರೇಕೊಟ್ನೆಕಲ್‌ನಂಥ ಊರಿನ ರೈತನಿಗೆ ರಾಯಚೂರಿಗೆ ಹೋಗಿ ಬರುವಷ್ಟು ಪುರಸೊತ್ತು ಇರುವುದಿಲ್ಲ. ಹತ್ತಿರದ ವೆಲ್ಡಿಂಗ್ ಶಾಪಿನಲ್ಲೇ ಹೊಸ ಪಟ್ಟಿ ಕತ್ತರಿಸಿ ತೂತು ಹೊಡೆಸಬೇಕು. ಇಂಥ ಶಾಪಿನ ಪಿಲ್ಲರ್ ಡ್ರಿಲ್, ಅಂದರೆ ಕಂಬಕ್ಕೆ ಕೂರಿಸಿದ ಡ್ರಿಲ್ಲಿಂಗ್ ಮಷೀನು, ಎಷ್ಟೋ ಸಲ ಬೇರೆಲ್ಲೋ ದುಡಿದು ದಣಿದು ಬಂದದ್ದು. ಅದನ್ನು ಮತ್ತೆ ಕೆಲಸಕ್ಕೆ ಹಚ್ಚಲು ಮಿಸ್ತ್ರಿಗಳು ಕಂಡುಕೊಂಡ ಉಪಾಯಗಳಿಗೂ ಒಂದು ಚರಿತ್ರೆಯಿದೆ. ನನ್ನ ಮಟ್ಟಿಗೆ ಅದು ವೇಗ ಹೆಚ್ಚಿಸಿದವರದ್ದಲ್ಲ, ಇಳಿಸಿದವರದ್ದು.

ಕೊರೆಯುವ ವಿದ್ಯೆ ರಾಯಚೂರು ಜಿಲ್ಲೆಗೆ ಹೊಸದಲ್ಲ. ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಕಲ್ಲಿನ ಮಣಿಗಳು ಸಿಕ್ಕಿವೆ. ದಾರ ಪೋಣಿಸಲು ಅವಕ್ಕೂ ಯಾರೋ ತಾಳ್ಮೆಯಿಂದ ತೂತು ಕೊರೆದಿರಲೇಬೇಕು. ಬಡಿಗರ ಬೈರಿಗೆ ಮರಕ್ಕೆ ಸಾಕಾಗಿತ್ತು. ಕಬ್ಬಿಣದ ಕಥೆ ಬದಲಾದದ್ದು ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಸುರುಳಿ ತೋಡಿನ ಡ್ರಿಲ್ ಬಿಟ್‌ಗೆ ಪೇಟೆಂಟ್ ಪಡೆದಾಗ. ಚಪ್ಪಟೆ ಬಿಟ್ಟಿನಲ್ಲಿ ತೂತಿನೊಳಗೇ ಸಿಕ್ಕಿಕೊಳ್ಳುತ್ತಿದ್ದ ಚೂರು ಈಗ ತಾನಾಗಿ ಮೇಲೇರಿ ಹೊರಬಿತ್ತು. 1902ರಲ್ಲಿ ಆರ್ಥರ್ ಜೇಕಬ್ಸ್ ಬಿಟ್ಟನ್ನು ಕೀಲಿಯಿಂದ ಬಿಗಿದು ಹಿಡಿಯುವ ಚಕ್‌ಗೆ ಪೇಟೆಂಟ್ ಪಡೆದರು. ನಮ್ಮಲ್ಲಿ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನ ಎಚ್‌ಎಂಟಿ ಹುಟ್ಟಿಕೊಂಡು ಕನ್ನಡ ನೆಲದಲ್ಲಿ ಯಂತ್ರ ಮಾಡುವ ಯಂತ್ರಗಳು ತಯಾರಾಗತೊಡಗಿದವು. ದೊಡ್ಡ ಕಾರ್ಖಾನೆಗಳು ಹೊಸದು ಕೊಂಡಾಗ ಹಳೆಯದು ಗುಜರಿ ಅಂಗಡಿಯ ದಾರಿ ಹಿಡಿಯುತ್ತದೆ. ಹಳ್ಳಿಯ ಶಾಪಿನ ಸುಧಾರಣೆ ಅಲ್ಲಿಂದಲೇ ಶುರು.

ಮೊದಲ ಸುಧಾರಣೆ ಬಹುತೇಕ ಎಲ್ಲ ಕಡೆಯೂ ತಪ್ಪು ದಿಕ್ಕಿನದು: ಬಿಟ್ ಸುಡುತ್ತದೆಂದು ದೊಡ್ಡ ಮೋಟಾರ್ ಕೂರಿಸುವುದು. ಬಿಟ್ ಸುಡುವುದು ಶಕ್ತಿ ಸಾಲದೆ ಅಲ್ಲ, ಅಂಚು ಅತಿ ಜೋರಾಗಿ ಓಡುವುದರಿಂದ. ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಿದರೆ ಸರಿ. ಆ ಲೆಕ್ಕಕ್ಕೆ 6 ಮಿ.ಮೀ. ಬಿಟ್ ನಿಮಿಷಕ್ಕೆ 1,300 ಸುತ್ತು ತಿರುಗಬಹುದು, 12ರದ್ದು 660, 25ರದ್ದು ಬರೀ 320. ಸಣ್ಣ ಬೆಂಚ್ ಮಷೀನುಗಳ ಮೆಟ್ಟಿಲು ಪುಲ್ಲಿ ಎಷ್ಟೋ ವೇಳೆ ಅಷ್ಟು ಕೆಳಗಿಳಿಯುವುದೇ ಇಲ್ಲ. ಲಾರಿಯ ಕಮಾನು ಪಟ್ಟಿಯಿಂದ ಬ್ಲೇಡು ಮಾಡುವ ಶಾಪಿನಲ್ಲಂತೂ ಕಷ್ಟ ಇನ್ನೂ ಹೆಚ್ಚು. ಹದ ಹಾಕಿದ ಆ ಉಕ್ಕನ್ನು ಮೊದಲು ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಿಕೊಳ್ಳದಿದ್ದರೆ ಬಿಟ್ ನೀಲಿಗಟ್ಟಿ ಮೊಂಡಾಗುತ್ತದೆ.

ವೇಗ ಇಳಿಯದ ಈ ತೊಡಕಿಗೆ ಸಿಕ್ಕ ಉತ್ತರ ನಡು ಪುಲ್ಲಿ. ಮೋಟಾರ್ ಮತ್ತು ಚಕ್ ತಿರುಗಿಸುವ ಸ್ಪಿಂಡಲ್ ನಡುವೆ ಎರಡು ಬೇರಿಂಗ್ ಮೇಲೆ ಇನ್ನೊಂದು ಶಾಫ್ಟ್. 1,440 ಸುತ್ತಿನ ಮೋಟಾರಿನ 2 ಇಂಚು ಪುಲ್ಲಿಯಿಂದ 6 ಇಂಚಿನದಕ್ಕೆ ಬೆಲ್ಟ್ ಹಾಕಿದರೆ 480. ಅಲ್ಲಿಂದ ಮತ್ತೆ 2ರಿಂದ 6ಕ್ಕೆ ಹಾಕಿದರೆ 160. ವೇಗ ಒಂಬತ್ತರಲ್ಲಿ ಒಂದು ಪಾಲಾಯಿತು. ಬೆಲ್ಟಿನ ನಷ್ಟ ಬಿಟ್ಟರೆ ತಿರುಚುವ ಬಲ ಹೆಚ್ಚುಕಡಿಮೆ ಒಂಬತ್ತು ಪಟ್ಟಾಯಿತು, ಅದೂ ಅದೇ ಮೋಟಾರಿನಿಂದ. ಎರಡು ಹಳೆ ಪುಲ್ಲಿ, ಒಂದು ತುಂಡು ಆ್ಯಂಗಲ್, ಅರ್ಧ ದಿನದ ದುಡಿಮೆಗೆ ಇದಕ್ಕಿಂತ ದೊಡ್ಡ ಪ್ರತಿಫಲ ಕೊಡುವ ಕೆಲಸವನ್ನು ನಾನು ಕಾಣೆ.

ವೇಗ ಸರಿಹೋದ ಮೇಲೆ ಕಣ್ಣು ಬೀಳುವುದು ಸೊಟ್ಟ ತೂತಿನ ಮೇಲೆ. ಹಳೆಯ ಮಷೀನಿನ ಟೇಬಲ್ ಜೋಲುಬಿದ್ದಿರುತ್ತದೆ. ಅದನ್ನು ಅಳೆಯಲು ದುಬಾರಿ ಡಯಲ್ ಗೇಜ್ ಬೇಕಿಲ್ಲ. ಚಕ್‌ಗೆ ಬಾಗಿಸಿದ ಗಟ್ಟಿ ತಂತಿ ಕಚ್ಚಿಸಿ, ತುದಿ ಟೇಬಲ್ಲನ್ನು ಮುಟ್ಟಿಯೂ ಮುಟ್ಟದಂತೆ ಇಳಿಸಿ, ಕೈಯಿಂದ ಅರ್ಧ ಸುತ್ತು ತಿರುಗಿಸಿದರೆ ಯಾವ ಕಡೆ ಎಷ್ಟು ಸಂದು ಎಂದು ಕಾಣುತ್ತದೆ. ಸುತ್ತುವುದು ಅದೇ ತಂತಿಯ ತುದಿಯಾದ್ದರಿಂದ ಚಕ್ ಸ್ವಲ್ಪ ಸೊಟ್ಟವಿದ್ದರೂ ಈ ಪರೀಕ್ಷೆ ಕೆಡುವುದಿಲ್ಲ. ಇದೇ ಅದರ ಜಾಣತನ. ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ ತಗಡಿನ ಚೂರು ಇಟ್ಟು ಬಿಗಿದರೆ ಟೇಬಲ್ ಸರಿಗೆ ಬರುತ್ತದೆ.

ಸ್ಪಿಂಡಲ್ಲನ್ನು ಇಳಿಸುವ ಕೊಳವೆ, ಅಂದರೆ ಕ್ವಿಲ್, ಸವೆದು ಅಲುಗಾಡುತ್ತಿದ್ದರೆ ಕೆಲವರು ಎರಕದ ತಲೆಯನ್ನೇ ಉದ್ದಕ್ಕೆ ಸೀಳಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಬೀಡುಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ; ಹಾಗಾಗಿ ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಪಕ್ಕದಲ್ಲಿ ಒಂದು ತೂತು ಹೊಡೆದು, ಟ್ಯಾಪ್ ಹಾಕಿ, ಹಿತ್ತಾಳೆ ತುದಿಯ ಸ್ಕ್ರೂನಿಂದ ಕ್ವಿಲ್ಲನ್ನು ಮೆಲ್ಲಗೆ ಒತ್ತಿ ಹಿಡಿಯುವುದು ಸೌಮ್ಯ ಉಪಾಯ. ಇನ್ನು ಭಾರದ ಟೇಬಲ್ಲನ್ನು ಎತ್ತಲು ಕೆಳಗೆ ಕಾರಿನ ಜಾಕ್ ಇಡುವುದು ಹಲವು ದೇಶಗಳ ಮನೆ ಶಾಪುಗಳಲ್ಲಿ ರೂಢಿಗೆ ಬಂದಿದೆ.

ಇತ್ತೀಚಿನ ಹಂತ ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್). ಸಿಂಗಲ್ ಫೇಸ್ ಲೈನಿನಿಂದಲೇ ತ್ರೀ ಫೇಸ್ ಮೋಟಾರ್ ಓಡಿಸುವ, ಗುಂಡಿ ತಿರುಗಿಸಿದರೆ ವೇಗ ಬದಲಿಸುವ ಈ ಡಬ್ಬಿ ಸಣ್ಣ ಶಾಪಿಗೆ ದೊಡ್ಡ ಅನುಕೂಲ. ಆದರೆ ಬೆಲ್ಟಿನ ಕೆಲಸವನ್ನು ಅದು ಪೂರ್ತಿ ಮಾಡದು. 50 ಹರ್ಟ್ಸ್‌ನಿಂದ 25ಕ್ಕೆ ಇಳಿಸಿದರೆ ತಿರುಚು ಬಲ ಅಷ್ಟೇ ಉಳಿಯುತ್ತದೆ, ನಡು ಪುಲ್ಲಿಯಂತೆ ಹೆಚ್ಚುವುದಿಲ್ಲ. ಮೋಟಾರಿನ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ಮೋಟಾರಿನದೇ ಫ್ಯಾನೂ ನಿಧಾನವಾಗುವುದರಿಂದ ರಾಯಚೂರಿನ ಬೇಸಿಗೆಯಲ್ಲಿ ಬೇಗ ಕಾಯುತ್ತದೆ. ವಿಎಫ್‌ಡಿ, ನಡು ಪುಲ್ಲಿ ಎರಡನ್ನೂ ಜೊತೆಗಿಟ್ಟುಕೊಂಡವರೇ ಜಾಣರು.

ಇಷ್ಟೆಲ್ಲದರ ನಡುವೆ ಹಿಂದೆ ಬಿದ್ದಿರುವುದು ಸ್ವಿಚ್ಚು. ಬರಿಯ ಗೋಡೆ ಸ್ವಿಚ್ಚಿನ ಮೇಲೆ ಓಡುವ ಮಷೀನು ಕರೆಂಟು ಹೋದಾಗ ನಿಲ್ಲುತ್ತದೆ; ಆಪರೇಟರ್ ಚಕ್‌ಗೆ ಕೀಲಿ ಹಾಕಿ ಬಿಟ್ ಬದಲಿಸುತ್ತಿರುವಾಗ ಕರೆಂಟು ಬಂದರೆ ಕೈ ಹೋಗುತ್ತದೆ. ಪಂಪ್‌ಸೆಟ್ಟಿನ ಹಸಿರು ಕೆಂಪು ಬಟನ್ನಿನ ಸ್ಟಾರ್ಟರ್ ಇದಕ್ಕೆ ಹೇಳಿ ಮಾಡಿಸಿದ್ದು. ಕರೆಂಟು ಹೋದಾಗ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಬಟನ್ ಒತ್ತದೆ ಮತ್ತೆ ಹಿಡಿಯುವುದಿಲ್ಲ. ಆದರೆ ಹೊಲದಲ್ಲಿ ರಾತ್ರಿ ನೀರು ಬಿಡಲು ರೈತರು ಅದಕ್ಕೆ ಕರೆಂಟು ಬಂದೊಡನೆ ತಾನೇ ಹಿಡಿಯುವ ಆಟೋ ಸ್ಟಾರ್ಟ್ ಜೋಡಿಸುತ್ತಾರೆ. ಹಳೇ ಪಂಪಿನ ಸ್ಟಾರ್ಟರನ್ನು ಡ್ರಿಲ್ಲಿಗೆ ಕೂರಿಸುವಾಗ ಆ ಆಟೋ ವೈರನ್ನು ಕಿತ್ತು, ಮಷೀನಿನ ಮೈಗೆ ಅರ್ಥಿಂಗ್ ಕೊಟ್ಟು, ಓವರ್‌ಲೋಡ್ ರಿಲೇಯನ್ನು ಡ್ರಿಲ್ ಮೋಟಾರಿನ ಆಂಪಿಯರ್‌ಗೆ ತಿರುಗಿಸಿಡಬೇಕು. 5 ಎಚ್‌ಪಿ ಪಂಪಿಗೆಂದು ಇಟ್ಟಿದ್ದ ಗುರುತಿನಲ್ಲೇ ಬಿಟ್ಟರೆ 1 ಎಚ್‌ಪಿ ಮೋಟಾರ್ ಸುಟ್ಟರೂ ರಿಲೇ ಟ್ರಿಪ್ ಆಗುವುದಿಲ್ಲ.