ಬೀಜ, ನೆಲ ಮತ್ತು ಅಲೆಯುವ ಜೀವಕೋಶ

ಬೀಜವೊಂದಿದ್ದರೆ ಸಾಲದು, ನೆಲವೂ ಒಪ್ಪಬೇಕೆಂದು ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮಾತನ್ನು ಅರ್ಬುದ ರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಅನ್ವಯಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. 1889ರಲ್ಲಿ ಅವರು ಸ್ತನದ ಅರ್ಬುದದಿಂದ ಮಡಿದ 735 ಮಂದಿಯ ದಾಖಲೆಗಳನ್ನು ತಿರುವಿಹಾಕಿದರು. ರೋಗ ಕಂಡಕಂಡಲ್ಲಿ ಹರಡುವುದಿಲ್ಲ. ಯಕೃತ್ತಿನಂಥ ಕೆಲವು ಅಂಗಗಳನ್ನೇ ಆರಿಸಿ ಹಿಡಿಯುತ್ತದೆ ಎಂದು ತೋರಿಸಿದರು. ಗಂತಿಯಿಂದ ಹೊರಟ ಕೋಶ ಬೀಜ. ಅದು ಬೇರೂರುವ ಅಂಗ ನೆಲ.

ಆದರೆ ಆ ಕೋಶ ಕಳಚಿಕೊಳ್ಳುವುದಾದರೂ ಹೇಗೆ? ಮೊಳಕಾಲ್ಮೂರಿನ ಮಗ್ಗದ ಮೇಲೆ ಹಾಸುಹೊಕ್ಕುಗಳು ಬಿಗಿದುಕೊಂಡಂತೆ ನಮ್ಮ ಚರ್ಮದ, ಕರುಳಿನ ಒಳಪೊರೆಯ ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಈ ಹಿಡಿತ ಸಡಿಲುವುದರ ಒಂದು ಸುಳಿವು ಸಿಕ್ಕಿದ್ದು ರೋಗಿಗಳಲ್ಲಲ್ಲ, ಹಣ್ಣಿನ ನೊಣದಲ್ಲಿ! 1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ನೊಣದ ಭ್ರೂಣವನ್ನು ರೂಪಿಸುವ ವಂಶವಾಹಿಗಳನ್ನು ಹುಡುಕುತ್ತಿದ್ದರು. ಅಂಥವುಗಳಲ್ಲಿ 'ಸ್ನೇಲ್', 'ಟ್ವಿಸ್ಟ್' ಎಂಬವೂ ಇದ್ದವು. ಇವುಗಳಿಂದಾಗುವ ಪ್ರೋಟೀನುಗಳು ಮನೆಯ ಯಜಮಾನನಂತೆ. ತಾವು ದುಡಿಯವು, ಬೇರೆ ವಂಶವಾಹಿಗಳಿಗೆ 'ಮಾಡು', 'ಬಿಡು' ಎಂದು ಅಪ್ಪಣೆ ಕೊಡುತ್ತವೆ. ಭ್ರೂಣದಲ್ಲಿ ಕೋಶಗಳು ತಮ್ಮ ತಮ್ಮ ಜಾಗ ಸೇರಲು ಈ ಅಪ್ಪಣೆ ಬೇಕೇ ಬೇಕು.

2000ದಲ್ಲಿ ಸ್ಪೇನಿನ ಎರಡು ತಂಡಗಳು, ಕೋಶಗಳನ್ನು ಬೆಸೆಯುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ತಯಾರಿಕೆಯನ್ನೇ ಸ್ನೇಲ್ ನಿಲ್ಲಿಸುತ್ತದೆಂದು ಕಂಡುಕೊಂಡವು. 2004ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗರ ಪ್ರಯೋಗಶಾಲೆಯಲ್ಲಿ ಟ್ವಿಸ್ಟನ್ನು ಅಡಗಿಸಿದಾಗ, ಇಲಿಗಳ ಸ್ತನದ ಗಂತಿ ಶ್ವಾಸಕೋಶಕ್ಕೆ ಹರಡುವುದು ತಗ್ಗಿತು. ಭ್ರೂಣ ಕಟ್ಟಿದ ಉಪಾಯವನ್ನೇ ರೋಗ ಕದ್ದಿತ್ತು.

ಕುದಾಪುರದಲ್ಲಿ ಚಳ್ಳಕೆರೆಯ ಆವರಣವುಳ್ಳ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರು ಪ್ರಯೋಗಶಾಲೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ ಇದನ್ನು ಗಣಿತದಿಂದ ಅಳೆಯುತ್ತಿದೆ. ಪೂರ್ತಿ ಬಿಡಿಯಾದ ಕೋಶಕ್ಕಿಂತ, ಅರೆಬರೆ ಬದಲಾಗಿ ಗುಂಪಾಗಿ ಸಾಗುವ ಕೋಶಗಳೇ ಹೆಚ್ಚು ಅಪಾಯಕರವಾಗಬಲ್ಲವು. ಒಂಟಿ ಕುರಿಯನ್ನು ತೋಳ ಹಿಡಿದೀತು, ಮಂದೆ ದಾಟಿಬಿಡುತ್ತದೆಂದು ನಮ್ಮ ಕುರಿಗಾಹಿಗಳು ಬಲ್ಲರು.

ಅರ್ಬುದದ ಸಾವುಗಳಲ್ಲಿ ಹೆಚ್ಚಿನವು ಈ ಅಲೆತದಿಂದಲೇ. ಸ್ನೇಲ್, ಟ್ವಿಸ್ಟುಗಳಿಗೆ ಮದ್ದು ಹುಡುಕುವುದು ಕಷ್ಟ. ಅವು ಕೋಶದ ನಡುವಿನ ಬೀಜಕೇಂದ್ರದಲ್ಲಿ ಕುಳಿತಿವೆ, ಮದ್ದು ಅಂಟಿಕೊಳ್ಳಲು ತಕ್ಕ ತಾಣವೂ ಅವುಗಳಲ್ಲಿ ಸುಲಭವಾಗಿ ಸಿಗದು. ನೋವಿಲ್ಲವೆಂದು ಸುಗ್ಗಿ ಮುಗಿಯುವವರೆಗೆ ಗಂತಿಯನ್ನು ಮುಚ್ಚಿಟ್ಟುಕೊಂಡ ತಾಯಿಯ ಒಡಲಲ್ಲಿ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ, ಕೋಶಗಳು ಹೊರಟುಬಿಟ್ಟಿರಬಹುದು.